ಡಾಕ್ಟರಿಗೆ ಹೇಳದ ಔಷಧಿ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾಯಿತೆಂದರೆ ಮೊದಲು ಆಸ್ಪತ್ರೆಯ ಹೆಸರೆತ್ತುವವರು ಕಡಿಮೆ. ‘ಕಾಮಾಲೆಗೆ ಇಂಗ್ಲಿಷ್ ಔಷಧಿ ಇಲ್ಲ’ ಎನ್ನುವುದು ಇಲ್ಲಿ ಓದು ಬಾರದವರಿಗೂ ಬಾಯಿಪಾಠ. ಸುತ್ತಲ ಹಳ್ಳಿಗಳಲ್ಲಿ ಎಲ್ಲೋ ಒಬ್ಬರು ಔಷಧಿ ಕೊಡುವವರು ಇದ್ದೇ ಇರುತ್ತಾರೆ. ಬೆಳಕು ಹರಿಯುವ ಮುಂಚೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ನೆಲನೆಲ್ಲಿಯನ್ನು ಬೇರು ಸಮೇತ ಅರೆದು ಮಜ್ಜಿಗೆಯಲ್ಲೋ ಹಾಲಿನಲ್ಲೋ ಕದಡಿ ಕೊಡುತ್ತಾರೆ. ಮೂರು ದಿನ ಔಷಧಿ, ಆಮೇಲೆ ವಾರಗಟ್ಟಲೆ ಪಥ್ಯ. ಎಣ್ಣೆ ಕೂಡದು, ಒಗ್ಗರಣೆ ಕೂಡದು, ಅರಿಶಿನ ಸೋಕಲೂ ಕೂಡದು. ದುಡ್ಡು ಇಷ್ಟೇ ಎಂದು ಕೇಳುವುದಿಲ್ಲ. ಎಲೆ ಅಡಿಕೆ ಮೇಲೆ ಕೈಲಾದಷ್ಟು ಇಟ್ಟು ಬಂದರಾಯಿತು. ತಿಂಗಳೊಪ್ಪತ್ತಿನಲ್ಲಿ ಕಣ್ಣು ಬೆಳ್ಳಗಾಗುತ್ತದೆ, ಹುಡುಗ ಮತ್ತೆ ಮುದ್ದೆ ಉಣ್ಣುತ್ತಾನೆ, ಔಷಧಿ ಕೊಟ್ಟವರ ಹೆಸರು ಇನ್ನೊಂದು ಊರಿಗೆ ಹಬ್ಬುತ್ತದೆ.

ಇದರಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ. ಕಣ್ಣು ಬೆಳ್ಳಗಾಗುವುದು ನಿಜ, ಹುಡುಗ ಎದ್ದು ಓಡಾಡುವುದೂ ನಿಜ. ಇಂಗ್ಲಿಷ್ ಔಷಧಿ ಇಲ್ಲ ಎನ್ನುವುದರಲ್ಲೂ ಅರ್ಧ ಸತ್ಯವಿದೆ. ನಮ್ಮ ಕಡೆ ಮಕ್ಕಳಿಗೆ ಬರುವ ಕಾಮಾಲೆಯಲ್ಲಿ ಹೆಚ್ಚಿನದು ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ಎ. ಆ ವೈರಸ್ಸನ್ನು ಕೊಲ್ಲುವ ಮಾತ್ರೆ ಯಾವ ಮೆಡಿಕಲ್ ಸ್ಟೋರಿನಲ್ಲೂ ಸಿಗುವುದಿಲ್ಲ. ಡಾಕ್ಟರು ಹೇಳುವುದೂ ಅಷ್ಟೇ: ಮಲಗು, ನೀರು ಕುಡಿ, ಹೆಂಡ ಮುಟ್ಟಬೇಡ, ಕಂಡಕಂಡ ಮಾತ್ರೆ ನುಂಗಬೇಡ. ಬಹುಪಾಲು ಜನರಲ್ಲಿ ಆ ರೋಗ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಒಂದೆರಡು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ನೆಲನೆಲ್ಲಿ ಕುಡಿದರೂ ಇಳಿಯುತ್ತದೆ, ರಟ್ಟೆಗೆ ಬರೆ ಹಾಕಿಸಿಕೊಂಡರೂ ಇಳಿಯುತ್ತದೆ, ಏನೂ ಮಾಡದೆ ಗಂಜಿ ಕುಡಿದು ಮಲಗಿದರೂ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಯಾರು ಎದುರಿಗಿದ್ದರೋ ಯಶಸ್ಸು ಅವರದ್ದು.

ಹಾಗೆಂದು ನೆಲನೆಲ್ಲಿಯನ್ನು ಯಾರೂ ಪರೀಕ್ಷೆಗೇ ಒಡ್ಡಿಲ್ಲ ಎಂದುಕೊಳ್ಳಬೇಡಿ. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮದ್ರಾಸಿನ ಸಂಶೋಧಕರ ವರದಿಯೊಂದು ಬಂತು. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರೂ ಅದರಲ್ಲಿ ಪಾಲುದಾರರು. ಒಂದು ತಿಂಗಳು ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ಹೆಪಟೈಟಿಸ್ ಬಿ ಗುರುತು ಮಾಯವಾಗಿತ್ತು. ಬರೀ ತೋರಿಕೆಯ ಔಷಧಿ ತೆಗೆದುಕೊಂಡ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಜಗತ್ತೇ ಈ ಪುಟ್ಟ ಗಿಡದ ಕಡೆ ತಿರುಗಿ ನೋಡಿತು. ಆಮೇಲೆ ಬೇರೆ ಬೇರೆ ಕಡೆ ಅದೇ ಪ್ರಯೋಗ ಮಾಡಿದಾಗ ಆ ಫಲ ಮತ್ತೆ ಸಿಗಲಿಲ್ಲ. ಈ ಕಥೆಯ ಮೊದಲರ್ಧ ನಮ್ಮಲ್ಲಿ ಭಾಷಣಗಳಲ್ಲಿ ಕೇಳುತ್ತದೆ, ಎರಡನೆಯ ಅರ್ಧ ಕೇಳುವುದಿಲ್ಲ.

ತೊಂದರೆ ಇರುವುದು ಎಲ್ಲ ಹಳದಿಯೂ ಒಂದೇ ಹಳದಿಯಲ್ಲ ಎನ್ನುವುದರಲ್ಲಿ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿ. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆಯಾದರೂ ಹಳದಿ. ಗದ್ದೆಯ ನೀರಿನಿಂದ ಬರುವ ಇಲಿಜ್ವರದಲ್ಲೂ ಹಳದಿ. ಬಸುರಿ ಹೆಂಗಸಿಗೆ ಕೊನೆಯ ತಿಂಗಳುಗಳಲ್ಲಿ ಹೆಪಟೈಟಿಸ್ ಇ ಬಂದರೆ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಇವುಗಳಲ್ಲಿ ಯಾವುದೂ ಮೂರು ದಿನದ ಔಷಧಿಗೂ ಮೂರು ವಾರದ ಪಥ್ಯಕ್ಕೂ ಕಾಯುವುದಿಲ್ಲ. ಬರೀ ಕಣ್ಣು ನೋಡಿ ಯಾವ ಕಾಮಾಲೆ ಎಂದು ಹೇಳುವುದು ಎಂ.ಡಿ. ಓದಿದವರಿಗೂ ಆಗದ ಕೆಲಸ. ರಕ್ತ ಪರೀಕ್ಷೆ ಬೇಕು, ಕೆಲವೊಮ್ಮೆ ಸ್ಕ್ಯಾನಿಂಗೂ ಬೇಕು.

ಪೂರಕ ಚಿಕಿತ್ಸೆ, ಪರ್ಯಾಯ ಚಿಕಿತ್ಸೆ ಎಂದು ನಾವು ಒಂದೇ ಉಸಿರಿಗೆ ಹೇಳಿಬಿಡುವ ಎರಡು ಸಂಗತಿಗಳ ನಡುವಿನ ಗೆರೆ ಇರುವುದು ಇಲ್ಲಿಯೇ. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಇನ್ನೊಂದನ್ನು ಸೇರಿಸಿಕೊಂಡರೆ ಪೂರಕ. ಆಸ್ಪತ್ರೆಯನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಪರ್ಯಾಯ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರಿಗೂ ತಿಳಿಸಿ ನೆಲನೆಲ್ಲಿ ಕುಡಿದವನದು ಒಂದು ದಾರಿ. ಪರೀಕ್ಷೆಯ ಗೊಡವೆಯೇ ಬೇಡವೆಂದು ಕುಡಿದವನದು ಬೇರೆ ದಾರಿ. ಗಿಡ ಅದೇ, ಲೋಟ ಅದೇ. ಆಯುರ್ವೇದ ಪೂರಕವೋ ಪರ್ಯಾಯವೋ, ಯೋಗ ಯಾವುದು, ಯುನಾನಿ ಯಾವುದು ಎಂದು ಪದ್ಧತಿಗಳನ್ನು ಕಂತೆ ಕಟ್ಟಿ ಬೇರೆ ಬೇರೆ ಇಡುವವರು ಈ ಸರಳ ಸಂಗತಿಯನ್ನೇ ಮರೆಯುತ್ತಾರೆ. ಅಮೆರಿಕದ ಸರ್ಕಾರ 1998ರಲ್ಲಿ ಇದಕ್ಕಾಗಿಯೇ ತೆರೆದ ಸಂಶೋಧನಾ ಕೇಂದ್ರದ ಹೆಸರಿನಲ್ಲಿ ‘ಪೂರಕ’, ‘ಪರ್ಯಾಯ’ ಎರಡೂ ಇದ್ದವು; 2014ರ ಕೊನೆಗೆ ‘ಪರ್ಯಾಯ’ವನ್ನು ಕೈಬಿಟ್ಟರು. ಜನ ಹೆಚ್ಚಾಗಿ ಎರಡನ್ನೂ ಒಟ್ಟಿಗೇ ಬಳಸುತ್ತಾರೆ ಎನ್ನುವುದು ಅಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು. ನಮ್ಮ ಹೋಬಳಿಯ ಯಾವ ಮನೆಯ ಗೂಡಿಗೆ ಕೈ ಹಾಕಿದ್ದರೂ ಅದು ಗೊತ್ತಾಗುತ್ತಿತ್ತು.

ನಮ್ಮಲ್ಲಂತೂ ಇದು ಇನ್ನೂ ಗೋಜಲು. ಅಮೆರಿಕದಲ್ಲಿ ಹೊರಗಿನದು ಅನ್ನಿಸಿಕೊಳ್ಳುವುದು ಇಲ್ಲಿ ಸರ್ಕಾರದ ಒಳಗೇ ಇದೆ. 1995ರಲ್ಲಿ ಕೇಂದ್ರದಲ್ಲಿ ಈ ಪದ್ಧತಿಗಳಿಗೆ ಬೇರೆ ಇಲಾಖೆಯಾಯಿತು, 2003ರಲ್ಲಿ ಆಯುಷ್ ಎಂಬ ಹೆಸರು ಬಂತು, 2014ರಲ್ಲಿ ಮಂತ್ರಾಲಯವೇ ಆಯಿತು. ಅರಸೀಕೆರೆಯಿಂದ ಬಸ್ಸು ಹತ್ತಿ ಹಾಸನಕ್ಕೆ ಹೋದರೆ ಒಂದೇ ಊರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್ ಕೂಡ ಇದೆ, ತಣ್ಣೀರುಹಳ್ಳದಲ್ಲಿ ಧರ್ಮಸ್ಥಳದವರ ಆಯುರ್ವೇದ ಕಾಲೇಜೂ ಆಸ್ಪತ್ರೆಯೂ ಇವೆ. ಆಯುರ್ವೇದದ ಡಾಕ್ಟರು ಐದೂವರೆ ವರ್ಷ ಓದಿ, ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಂಡು ಕೂತವರು. ಅವರನ್ನೂ, ಅಪ್ಪನಿಂದ ಬೇರು ಕಲಿತ ನಾಟಿ ವೈದ್ಯರನ್ನೂ, ಬಸ್‌ಸ್ಟ್ಯಾಂಡ್ ಪಕ್ಕ ಟೆಂಟು ಹಾಕಿ ಮೂರು ದಿನಕ್ಕೆ ಕಾಣೆಯಾಗುವವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ‘ಹಳ್ಳಿ ಔಷಧಿ’ ಅನ್ನುವುದು ಮೂವರಿಗೂ ಮಾಡುವ ಅನ್ಯಾಯ. ನೋಂದಣಿ ಇಲ್ಲದವರು ವೈದ್ಯ ಮಾಡುವ ಹಾಗಿಲ್ಲ ಎಂದು 2018ರಲ್ಲಿ ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ತೀರ್ಪು ಬಂದ ಮೇಲೂ ಹಳ್ಳಿಯಲ್ಲಿ ಅವರ ಮನೆ ಮುಂದಿನ ಸಾಲುಗಳು ಸಣ್ಣವಾಗಿಲ್ಲ.

ಹಳೆಯ ವೈದ್ಯದಲ್ಲಿ ಗಟ್ಟಿ ಕಾಳು ಇಲ್ಲವೆಂದಲ್ಲ. ಗುದದ್ವಾರದ ಬಳಿ ಕೀವು ಸೋರುವ ಭಗಂದರ, ಅಂದರೆ ಫಿಸ್ತುಲಾ, ಇದೆಯಲ್ಲ, ಅದಕ್ಕೆ ಆಯುರ್ವೇದದಲ್ಲಿ ಕ್ಷಾರಸೂತ್ರ ಎಂಬ ವಿಧಾನವಿದೆ. ಕಳ್ಳಿಯ ಹಾಲು, ಉತ್ತರಣೆಯ ಕ್ಷಾರ, ಅರಿಶಿನ ಲೇಪಿಸಿ ಒಣಗಿಸಿದ ದಾರವನ್ನು ಆ ನಾಳದಲ್ಲಿ ತೂರಿಸಿ ಗಂಟು ಹಾಕುತ್ತಾರೆ, ವಾರಕ್ಕೊಮ್ಮೆ ಹೊಸ ದಾರ ಹಾಕುತ್ತಾರೆ. ದಾರ ನಿಧಾನವಾಗಿ ಕೊಯ್ಯುತ್ತಾ ಹೋದಂತೆ ಹಿಂದಿನಿಂದ ಗಾಯ ಮಾಯುತ್ತಾ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಆಪರೇಷನ್ನಿನ ಎದುರಿಗೆ ಇಟ್ಟು ನೋಡಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ಕ್ಷಾರಸೂತ್ರದಲ್ಲಿ ಗಾಯ ಒಣಗುವುದಕ್ಕೆ ಹೆಚ್ಚು ದಿನ ಹಿಡಿಯಿತು. ಆದರೆ ವರ್ಷದೊಳಗೆ ರೋಗ ಮರುಕಳಿಸಿದ್ದು ನೂರಕ್ಕೆ 4 ಜನರಿಗೆ, ಆಪರೇಷನ್ ಆದವರಲ್ಲಿ ನೂರಕ್ಕೆ 11 ಜನರಿಗೆ. ಯಾರೂ ಕೂಗಾಡದೆ, ಯಾರನ್ನೂ ಬೈಯದೆ, ಎಣಿಸಿ ತೋರಿಸಿದ ಗೆಲುವು ಇದು. ಆಯುರ್ವೇದದ ಅಭಿಮಾನಿಗಳು ಪುರಾಣಕಾಲದ ವಿಮಾನಗಳ ಬದಲು ಈ ದಾರದ ಬಗ್ಗೆ ಮಾತಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಆವರಣದಲ್ಲೂ ಮನೋರೋಗದ ಮಾತ್ರೆ ತೆಗೆದುಕೊಳ್ಳುವವರಿಗೆ ಯೋಗ ಕಲಿಸುತ್ತಾರೆ, ಆಯುರ್ವೇದದ ಸಂಶೋಧನೆಯೂ ಅಲ್ಲೇ ನಡೆಯುತ್ತದೆ. ಮಾತ್ರೆ ಕೊಡುವವರಿಗೂ ಆಸನ ಕಲಿಸುವವರಿಗೂ ಒಬ್ಬರಿಗೊಬ್ಬರು ಏನು ಮಾಡುತ್ತಿದ್ದಾರೆಂದು ಗೊತ್ತಿರುತ್ತದೆ.

ಈ ‘ಗೊತ್ತಿರುತ್ತದೆ’ ಎನ್ನುವುದೇ ನಮ್ಮ ಕಡೆ ಇಲ್ಲದಿರುವುದು.

ಕಣಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿಯ ಜೊತೆ ಹೀಗೇ ಮಾತಿಗೆ ಕೂತಿದ್ದೆ. ಬಿ.ಪಿ. ತೋರಿಸಲು ಹೊರಟಿದ್ದರು. ಮಾತ್ರೆ ಎರಡು ಸಲ ಜಾಸ್ತಿ ಮಾಡಿದರೂ ಬಿ.ಪಿ. ಇಳಿಯುತ್ತಿಲ್ಲವಂತೆ. ಕೈಚೀಲದಲ್ಲಿ ಮಾತ್ರೆಯ ಹಾಳೆಗಳ ಜೊತೆ ದಿನಪತ್ರಿಕೆಯ ತುಂಡಿನಲ್ಲಿ ಕಟ್ಟಿದ ಎರಡು ಪೊಟ್ಟಣಗಳು ಇದ್ದವು. ಒಂದು ಗ್ರಂಧಿಗೆ ಅಂಗಡಿಯ ಜ್ಯೇಷ್ಠಮಧು ಪುಡಿ. ಕೆಮ್ಮಿಗೆಂದು ಶುರುಮಾಡಿದ್ದು, ಕೆಮ್ಮು ಹೋದರೂ ಬಿಟ್ಟಿರಲಿಲ್ಲ, ಎರಡು ಹೊತ್ತೂ ಕಷಾಯ. ಇನ್ನೊಂದು ಸಂತೆಯಲ್ಲಿ ಕೊಂಡ ಮಂಡಿನೋವಿನ ಪುಡಿ.

‘ಇದನ್ನ ಡಾಕ್ಟ್ರಿಗೆ ಹೇಳಿದ್ದೀರಾ ಅಜ್ಜಿ?’

‘ಅಯ್ಯೋ ಸುಮ್ನಿರಪ್ಪ. ಹೇಳುದ್ರೆ ಬೈತಾರೆ. ಅದೂ ನಡೀಲಿ, ಇದೂ ನಡೀಲಿ.’

ಜ್ಯೇಷ್ಠಮಧು ಬಹಳ ದಿನ, ಬಹಳ ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಮೈ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಸೋರಿಹೋಗುತ್ತದೆ, ಬಿ.ಪಿ. ಏರುತ್ತದೆ. ಇದು ಎಲ್ಲ ವೈದ್ಯಗ್ರಂಥಗಳಲ್ಲೂ ಇರುವ ಮಾತು. ಡಾಕ್ಟರು ಮಾತ್ರೆಯಿಂದ ಇಳಿಸುತ್ತಿದ್ದುದನ್ನು ಕಷಾಯ ಏರಿಸುತ್ತಿತ್ತೋ ಏನೋ. ಡಾಕ್ಟರಿಗೆ ಮಾತ್ರ ಕಾಣುತ್ತಿದ್ದುದು ಬರೀ ಏರಿದ ಅಂಕಿ. ಮಂಡಿನೋವಿನ ಪುಡಿಯದು ಇನ್ನೂ ಕೆಟ್ಟ ಕಥೆ. ತಿಂದ ಮಾರನೆಯ ದಿನವೇ ನೋವು ಮಾಯ ಮಾಡುವ ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದು ದೇಶದ ಬೇರೆ ಬೇರೆ ಕಡೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಅದು ಬೇರಲ್ಲ, ನಾರಲ್ಲ. ಹೆಸರು ಹಾಕದ ಇಂಗ್ಲಿಷ್ ಔಷಧಿ. ಸಕ್ಕರೆ ಏರಿಸುತ್ತದೆ, ಮೂಳೆ ಟೊಳ್ಳು ಮಾಡುತ್ತದೆ, ಮುಖ ಊದಿಸುತ್ತದೆ. ಸಕ್ಕರೆ ಕಾಯಿಲೆಯವರು ಮಾತ್ರೆಯ ಜೊತೆ ಮಧುನಾಶಿನಿ ಎಲೆ ಅಗಿಯುವುದೂ ಇದೇ ಜಾತಿಯದು: ಸಕ್ಕರೆ ಇಳಿಯಬೇಕಾದ್ದಕ್ಕಿಂತ ಹೆಚ್ಚು ಇಳಿದು ತಲೆ ಸುತ್ತಿ ಬಿದ್ದರೆ ಕಾರಣ ಹುಡುಕುವವರಿಗೆ ಎಲೆಯ ಸುಳಿವೇ ಇರುವುದಿಲ್ಲ.

ಮಂಡಿನೋವಿನ ಮಾತು ಬಂತೆಂದು ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅರಸೀಕೆರೆ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎನ್ನುವುದು ಹಳೆಯ ಗೋಳು. ಲೀಟರಿಗೆ ಒಂದೂವರೆ ಮಿಲಿಗ್ರಾಮ್ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಾಗುತ್ತದೆ. ಇನ್ನೂ ಹೆಚ್ಚಾದರೆ ಕೀಲು ಬಿಗಿಯುತ್ತದೆ, ಸೊಂಟ ಬಾಗುತ್ತದೆ. ಅಂಥ ನೋವಿಗೆ ಅಲೋಪತಿಯ ಮಾತ್ರೆಯೂ ಪೂರಕವಲ್ಲ, ಸಂತೆಯ ಪುಡಿಯೂ ಪರ್ಯಾಯವಲ್ಲ. ಅದಕ್ಕೆ ಚಿಕಿತ್ಸೆ ಒಳ್ಳೆಯ ನೀರಿನ ನಲ್ಲಿ.

‘ಗಿಡಮೂಲಿಕೆ ತಾನೆ, ಒಳ್ಳೇದು ಮಾಡದಿದ್ದರೂ ಕೆಟ್ಟದ್ದಂತೂ ಮಾಡಲ್ಲ’ ಎನ್ನುವ ನಂಬಿಕೆಯ ಎದುರಿಗೆ ನಾನು ಯಾವಾಗಲೂ ಇಡುವುದು ಈಶ್ವರಿ ಬಳ್ಳಿಯನ್ನು. ಹಾವಿನ ವಿಷಕ್ಕೆ ಈಶ್ವರಿ ಬೇರು ಎಂದು ನಮ್ಮ ಕಡೆ ಬಹಳ ಹೆಸರು. ಮನೆ ಮುಂದೆ ಹಬ್ಬಿಸಿಕೊಂಡವರೂ ಇದ್ದಾರೆ. ಈ ಬಳ್ಳಿಯ ಕುಲದಲ್ಲಿ ಅರಿಸ್ಟೊಲೋಕಿಕ್ ಆಮ್ಲ ಎಂಬ ಪದಾರ್ಥವಿದೆ. 1990ರ ದಶಕದ ಮೊದಲಲ್ಲಿ ಬೆಲ್ಜಿಯಂ ದೇಶದಲ್ಲಿ ಮೈ ಇಳಿಸಿಕೊಳ್ಳಲು ಚೀನೀ ಗಿಡಮೂಲಿಕೆ ತಿಂದ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯಿತು. ಒಂದು ಬೇರಿನ ಬದಲು ಈ ಕುಲದ ಇನ್ನೊಂದು ಬೇರು ಪುಡಿಯಲ್ಲಿ ಸೇರಿಕೊಂಡಿತ್ತು, ಅಷ್ಟೇ. ಮುಂದೆ ಅವರಲ್ಲಿ ಹಲವರಿಗೆ ಮೂತ್ರದ ಹಾದಿಯಲ್ಲಿ ಕ್ಯಾನ್ಸರ್ ಕೂಡ ಕಾಣಿಸಿತು. ಈಗ ಆ ಆಮ್ಲ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಮೊದಲ ದರ್ಜೆಯಲ್ಲಿದೆ. ಹೋಮಿಯೋಪತಿಯ ಸಕ್ಕರೆ ಗುಳಿಗೆ ಹೀಗೆ ಕಿಡ್ನಿ ಕೆಡಿಸುವುದಿಲ್ಲ, ನಿಜ. ಆದರೆ ಅದು ಯಾವುದೇ ರೋಗವನ್ನು ವಾಸಿ ಮಾಡುತ್ತದೆ ಎನ್ನುವುದಕ್ಕೆ ನಂಬುವಂಥ ಪುರಾವೆ ಒಂದೂ ಸಿಗಲಿಲ್ಲ ಎಂದು 2015ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿತು. ಗುಳಿಗೆಯಿಂದ ಆಗುವ ನಷ್ಟ ಕಳೆದುಹೋದ ದಿನಗಳದ್ದು.

ದಿನಗಳು ಎಲ್ಲಕ್ಕಿಂತ ದುಬಾರಿಯಾಗುವುದು ಕ್ಯಾನ್ಸರಿನಲ್ಲಿ. ಅರಸೀಕೆರೆಯಲ್ಲಿ ತಾಳಗುಪ್ಪದ ರೈಲು ಹತ್ತಿ ಆನಂದಪುರದಲ್ಲಿ ಇಳಿದು ನರಸೀಪುರಕ್ಕೆ ಹೋಗಿ, ರಾತ್ರಿಯೆಲ್ಲ ಸಾಲಿನಲ್ಲಿ ಕೂತು ಅಲ್ಲಿನ ನಾಟಿ ವೈದ್ಯರಿಂದ ತೊಗಟೆಯ ಔಷಧಿ ತಂದವರು ನಮ್ಮ ಕಡೆ ಬಹಳ ಜನ. ಹಾಗೆ ಹೋದವರನ್ನು ಹೀಯಾಳಿಸುವ ಮನಸ್ಸು ನನಗಿಲ್ಲ. ಮನೆಯಲ್ಲಿ ಕ್ಯಾನ್ಸರ್ ಬಂದವರಿಗೆ ಗೊತ್ತು, ಮನುಷ್ಯ ಎಲ್ಲ ಬಾಗಿಲನ್ನೂ ತಟ್ಟುತ್ತಾನೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಚಿಕಿತ್ಸೆಯನ್ನೂ ಬಿಡದೆ ಅದನ್ನೂ ಕುಡಿದವರು ಇದ್ದಾರೆ. ಆದರೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು ನೆನಪಿನಲ್ಲಿರಲಿ. ವಾಸಿಯಾಗಬಹುದಾದ ಹಂತದಲ್ಲಿದ್ದೂ ಆಸ್ಪತ್ರೆ ಬಿಟ್ಟು ಪರ್ಯಾಯವನ್ನೇ ಹಿಡಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮೇಲೆ. ಅದು ಎದುರು ನೋಡಿದ್ದೇ. ಬೆಚ್ಚಿಬೀಳಿಸಿದ್ದು ಎರಡನೆಯದು: ಎರಡನ್ನೂ ಒಟ್ಟಿಗೇ ಮಾಡುತ್ತೇವೆ ಎಂದವರಲ್ಲೂ ಅಪಾಯ ಎರಡು ಪಟ್ಟು. ಕಾರಣ ನೋಡಿದರೆ ಅವರಲ್ಲಿ ಹಲವರು ಆಪರೇಷನ್ನನ್ನೋ ಕೀಮೋವನ್ನೋ ರೇಡಿಯೇಷನ್ನನ್ನೋ ಬೇಡವೆಂದಿದ್ದರು. ಜೊತೆಗಿರಲಿ ಎಂದು ಒಳಗೆ ಬಂದದ್ದು ಸದ್ದಿಲ್ಲದೆ ಜಾಗ ಹಿಡಿಯುತ್ತದೆ. ಮುಂದಿನ ಕೀಮೋಗೆ ದುಡ್ಡು ಹೊಂದಿಸಬೇಕು, ಕೂದಲು ಉದುರಿದೆ, ವಾಂತಿ ನಿಂತಿಲ್ಲ. ‘ಹೆಂಗೂ ಆ ಔಷಧಿ ನಡೀತಾ ಇದೆಯಲ್ಲ, ಈ ತಿಂಗಳು ಬಿಡೋಣ’ ಎಂದು ಮನೆಯಲ್ಲಿ ಯಾರೋ ಅನ್ನುತ್ತಾರೆ.

ಗೋಡೆಯ ಮೇಲಿನ ಜಾಹೀರಾತುಗಳು ಆ ಮಾತಿಗೆ ಗಾಳಿ ಹಾಕುತ್ತವೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಕಿಡ್ನಿ ಕಲ್ಲು, ಮೂರ್ಛೆರೋಗ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಹಾಕುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಎಪ್ಪತ್ತು ವರ್ಷವಾದರೂ ಗೋಡೆ ಖಾಲಿಯಾಗಿಲ್ಲ. 2024ರಲ್ಲಿ ಪತಂಜಲಿ ಕಂಪನಿ ಸುಪ್ರೀಂ ಕೋರ್ಟಿನ ಮುಂದೆ ತಪ್ಪೊಪ್ಪಿ ಪತ್ರಿಕೆಗಳಲ್ಲಿ ಕ್ಷಮಾಪಣೆ ಹಾಕಬೇಕಾಯಿತು. ಆ ಜಾಹೀರಾತುಗಳನ್ನು ಹಾಕಿ ದುಡ್ಡು ಎಣಿಸಿದ ಪತ್ರಿಕೆಗಳವರು ಕ್ಷಮೆ ಕೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಕೆಲವಕ್ಕೆ ಪೂರಕವೋ ಪರ್ಯಾಯವೋ ಎಂಬ ಚರ್ಚೆಯೇ ಸಲ್ಲದು. ತೆಂಗಿನ ತೋಟದಲ್ಲಿ ಹಾವು ಕಡಿದರೆ ಮಂತ್ರ ಹಾಕುವವರ ಮನೆಗಲ್ಲ, ಆಸ್ಪತ್ರೆಗೆ. ಕಡಿದ ಹಾವುಗಳಲ್ಲಿ ವಿಷವಿಲ್ಲದವೇ ಬಹಳ, ವಿಷದ ಹಾವೂ ಎಷ್ಟೋ ಸಲ ವಿಷ ಬಿಟ್ಟಿರುವುದಿಲ್ಲ. ಮಂತ್ರ ಫಲಿಸುವುದು ಅಲ್ಲಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಿಜವಾಗಿ ಕಡಿದರೆ ಉಳಿಸುವುದು ಆ ನಾಲ್ಕಕ್ಕೂ ಸೇರಿ ತಯಾರಾದ ಒಂದೇ ಚುಚ್ಚುಮದ್ದು. 2024ರಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಹುಚ್ಚುನಾಯಿ ಕಡಿತಕ್ಕಂತೂ ರೋಗ ಕಾಣಿಸಿಕೊಂಡ ಮೇಲೆ ಯಾವ ಪದ್ಧತಿಯಲ್ಲೂ ಔಷಧಿ ಇಲ್ಲ, ಮುಂಚೆ ಹಾಕಿಸಿಕೊಳ್ಳುವ ಲಸಿಕೆ ಒಂದೇ. ಮರದಿಂದ ಬಿದ್ದು ಕೈ ಮುರಿದವರು ಮೂಳೆ ಕೂಡಿಸುವ ಪುತ್ತೂರು ಕಟ್ಟಿಗೆ ಹೊರಡುವುದಾದರೂ ಮೊದಲು ಎಕ್ಸ್‌ರೇ ತೆಗೆಸಿ. ದಬ್ಬೆ ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ಬಣ್ಣ ಕಪ್ಪಿಟ್ಟರೆ ಆ ಗಳಿಗೆಯಲ್ಲೇ ಬಿಚ್ಚಿಸಿ.

ಉಳಿದಂತೆ ನಾನು ಕೇಳುವುದು ಎರಡೇ. ಡಾಕ್ಟರಲ್ಲಿಗೆ ಹೋಗುವಾಗ ಕಷಾಯದ ಪುಡಿ, ಎಣ್ಣೆ, ಗುಳಿಗೆ, ಪೊಟ್ಟಣ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲೆ ಇಡಿ. ಆಯುರ್ವೇದದ ಡಾಕ್ಟರಲ್ಲಿಗೆ ಹೋಗುವಾಗ ಬಿ.ಪಿ., ಸಕ್ಕರೆ ಮಾತ್ರೆಯ ಚೀಟಿಯನ್ನೂ ತೋರಿಸಿ. ಡಾಕ್ಟರುಗಳೇ, ಅಜ್ಜಿ ಪೊಟ್ಟಣ ಬಿಚ್ಚಿದಾಗ ದಯವಿಟ್ಟು ಬೈಯಬೇಡಿ. ಅದರಲ್ಲಿ ಏನಿದೆ, ಎಷ್ಟು ದಿನದಿಂದ ಎಂದು ಕೇಳಿ, ನಿಮ್ಮ ಚೀಟಿಯಲ್ಲೇ ಬರೆದುಕೊಳ್ಳಿ.